ಹಾಡಿನ ನಡುವೆ ಉಸಿರಿಲ್ಲದ ಜಾಗ

ನಮ್ಮ ಟೆಕ್ನಿಷಿಯನ್ ತೀರಿಕೊಂಡ ಮೇಲೆ ಅವನ ಹೆಂಡತಿ ನನ್ನನ್ನು ಕೇಳಿದ್ದು ಒಂದೇ ಒಂದು.

"ಅಕ್ಕಾ, ಅವರ ದನಿ ನಿಮ್ಮ ರೇಡಿಯೋದಲ್ಲಿ ಎಲ್ಲಾದ್ರೂ ಉಳ್ದಿರ್ತದಲ್ಲ? ಒಂಚೂರು ಹುಡುಕಿ ಕೊಡ್ತೀರಾ?"

"ಇಲ್ದೆ ಏನಮ್ಮ, ಬೇಕಾದಷ್ಟು ಇರುತ್ತೆ" ಅಂದೆ. ಯೋಚಿಸದೆ ಆಡಿದ ಮಾತು. ರೈಸ್ ಮಿಲ್ಲಿನ ಬಾಗಿಲಲ್ಲಿ ನಿಂತು ಒಂದು ಹಿಡಿ ಅಕ್ಕಿ ಕೇಳಿದಳು ಅನ್ನಿಸಿತ್ತು ನನಗೆ.

ನಮ್ಮದು ಶಿಕಾರಿಪುರದ ಒಂದು ಸಣ್ಣ ಸಮುದಾಯ ರೇಡಿಯೋ. ಎರಡು ಕೋಣೆ, ತಾರಸಿಯ ಮೇಲೊಂದು ಕಂಬ. ಈಸೂರಿನ ತನಕ ಚೆನ್ನಾಗಿ ಕೇಳುತ್ತದೆ, ಸೊರಬದ ದಿಕ್ಕಿಗೆ ಹೊರಟರೆ ಅರ್ಧ ದಾರಿಯಲ್ಲೇ ಗರಗರ ಶುರುವಾಗುತ್ತದೆ. ನಾನು ಅಲ್ಲಿನ ಆರ್‌ಜೆ. ಹುಬ್ಬಳ್ಳಿ, ಮಂಗಳೂರು, ಮೈಸೂರು, ಬೆಂಗಳೂರು ಎಂದು ಸ್ಟೇಷನ್ನಿಂದ ಸ್ಟೇಷನ್ನಿಗೆ ಹಾರಿ, ಪ್ರತಿ ಊರಲ್ಲೂ ಆ ಊರಿಗೆ ಬೇಕಾದ ನಗು ಕಲಿತು, ಕೊನೆಗೆ ದೊಡ್ಡ ಸ್ಟೇಷನ್ನಿನವರಿಗೆ ನನ್ನ ದನಿ ಹಳತಾಯಿತು ಅನ್ನಿಸಿದಾಗ ಇಲ್ಲಿಗೆ ಬಂದು ಕೂತವಳು. ಟೆಕ್ನಿಷಿಯನ್ ಇದೇ ತಾಲ್ಲೂಕಿನವನು, ಮೂವತ್ತರ ಆಸುಪಾಸು. ರೆಕಾರ್ಡಿಂಗು, ಎಡಿಟಿಂಗು, ಕರೆಂಟು ಹೋದರೆ ಜನರೇಟರು, ಎಲ್ಲ ಅವನದೇ. ಇಬ್ಬರ ಮಾತನ್ನೂ ನಾನೇ ಆಡುತ್ತಿದ್ದೆ, ಇಬ್ಬರ ಕೆಲಸವನ್ನೂ ಅವನೇ ಮಾಡುತ್ತಿದ್ದ.

ಆ ದಿನ ಬಂದಳಿಕೆಯಲ್ಲಿ ರೈತರೊಬ್ಬರ ಮಾತು ರೆಕಾರ್ಡ್ ಮಾಡುವುದಿತ್ತು. ಬೆಳಗ್ಗೆ ಬಂದವನೇ ರೆಕಾರ್ಡರಿನ ಮೆಮೊರಿ ಕಾರ್ಡನ್ನು ಅಳಿಸಿ ಖಾಲಿ ಮಾಡಿಕೊಂಡ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತಿದ. ದಾರಿಯಲ್ಲಿ ಮೆಕ್ಕೆಜೋಳದ ಲೋಡು ಹೊತ್ತ ಟ್ರ್ಯಾಕ್ಟರೊಂದು ಅಡ್ಡ ತಿರುಗಿದೆ. ಬಂದಳಿಕೆಯ ರೈತರು ನನಗೆ ಫೋನ್ ಮಾಡಿ, "ಏನ್ರೀ ಮೇಡಂ, ನಿಮ್ಮೋರು ಇನ್ನೂ ಬರ್ಲಿಲ್ಲಲ್ರೀ, ನಾನು ಹೊಲಕ್ಕೆ ಹೋಗ್ಲೋ ಬ್ಯಾಡೋ" ಎಂದು ಕೇಳಿದಾಗ ನನಗೂ ಏನೂ ಗೊತ್ತಿರಲಿಲ್ಲ. "ಬರ್ತಾರೆ, ಸ್ವಲ್ಪ ಕಾಯಿರಿ" ಅಂದೆ. ಆ ರೈತರು ಸಂಜೆಯವರೆಗೆ ಕಾದರಂತೆ.

ಕಾರ್ಯವೆಲ್ಲ ಮುಗಿದ ಮೇಲೆ ಅವನ ಹೆಂಡತಿ ಮಗಳನ್ನು ಕಟ್ಟಿಕೊಂಡು ಸೊರಬದ ಕಡೆಯ ಕುಬಟೂರಿನ ತವರಿಗೆ ಹೋದಳು. ಮಗು ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿತ್ತು. ನಾನು ನೋಡಲು ಹೋದಾಗಲೇ ಅವಳು ದನಿಯ ಮಾತು ಎತ್ತಿದ್ದು.

"ಫೋಟೋ ಅದಾವೆ ಅಕ್ಕಾ. ಮುಖ ತೋರಿಸ್ಬೋದು. ನಾಳೆ ಇದು ದೊಡ್ಡದಾಗಿ, ನಮ್ಮಪ್ಪ ಹೆಂಗೆ ಮಾತಾಡ್ತಿದ್ದ ಅಂತ ಕೇಳಿದ್ರೆ ನಾನು ಏನಂತ ಮಾತಾಡಿ ತೋರಿಸ್ಲಿ?"

ಅವನ ಫೋನು ಅಪಘಾತದಲ್ಲೇ ಪುಡಿಯಾಗಿತ್ತು. ಅವಳದು ಗುಂಡಿ ಒತ್ತುವ ಫೋನು. ನೆಂಟರ ಫೋನಿನಲ್ಲಿ ಅವನು ಕಳಿಸಿದ್ದ ಮಗುವಿನ ವಿಡಿಯೋ ಒಂದಷ್ಟಿದ್ದವು, ಆದರೆ ತೆಗೆದವನು ಅವನೇ ಆದ್ದರಿಂದ ಅವುಗಳಲ್ಲಿ ಅವನಿಲ್ಲ, ಅವನ ಸದ್ದೂ ಇಲ್ಲ. ಮದುವೆಯ ವಿಡಿಯೋ ತುಂಬ ಸಿನಿಮಾ ಹಾಡು. ಉಳಿದಿದ್ದು ನಮ್ಮ ಸ್ಟೇಷನ್ನು.

ಮರುದಿನವೇ ಹುಡುಕಲು ಕೂತೆ. ಮೊದಲು ನೋಡಿದ್ದು ಪ್ರಸಾರದ ದಾಖಲೆ. ಗಾಳಿಗೆ ಹೋದ ಪ್ರತಿಯೊಂದು ಮಾತನ್ನೂ ಒಂದು ಕಂಪ್ಯೂಟರು ತಾನಾಗಿ ಹಿಡಿದಿಡುತ್ತದೆ, ಮೂರು ತಿಂಗಳು ಇಟ್ಟುಕೊಳ್ಳಲೇಬೇಕೆಂದು ಕಾನೂನು. ಅಲ್ಲಿ ನಾನಿದ್ದೆ, ಕೃಷಿ ಅಧಿಕಾರಿಗಳಿದ್ದರು, ಭಜನೆ ತಂಡಗಳಿದ್ದವು, ಹೈಸ್ಕೂಲಿನ ಭಾಷಣಗಳಿದ್ದವು. ಅವನು ಒಂದು ದಿನವೂ ಗಾಳಿಗೆ ಹೋಗಿರಲಿಲ್ಲ. "ಒಂದ್ಸಲ ಹವಾಮಾನ ಓದೋ ಮಾರಾಯ" ಎಂದು ನಾನು ಎಷ್ಟು ಸಲ ಪೀಡಿಸಿದರೂ, "ಬ್ಯಾಡ್ರಿ ಮೇಡಂ, ಮಳಿ ಬರೋದಿದ್ರೂ ಬರಂಗಿಲ್ಲ" ಎಂದು ಗಾಜಿನ ಆಚೆ ಹೋಗಿ ಕೂರುತ್ತಿದ್ದ.

ಆಮೇಲೆ ನಮ್ಮ ಭಂಡಾರ. ಹಳ್ಳಿ ಹಳ್ಳಿ ತಿರುಗಿ ಅವನು ಹಿಡಿದು ತಂದ ಹಾಡು, ಮಾತುಕತೆ, ರಾಶಿಯಷ್ಟು ಫೈಲು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ರೆಕಾರ್ಡ್ ಮಾಡುವ ಮುನ್ನ ಎದುರಿನವರ ದನಿಯ ಎತ್ತರ ನೋಡಿಕೊಳ್ಳಬೇಕು. ಸುಮ್ಮನೆ ಮಾತಾಡಿ ಅಂದರೆ ಜನ ಬೆಪ್ಪಾಗುತ್ತಾರೆ, ಅದಕ್ಕೆ ಏನು ತಿಂದಿರಿ ಎಂದು ಕೇಳುವುದು. ನಾನು ಕೆಲಸ ಮಾಡಿದ ಎಲ್ಲ ಸ್ಟೇಷನ್ನಿನಲ್ಲೂ ಅದೇ ಪ್ರಶ್ನೆ. ಅವನೂ ಎಲ್ಲರನ್ನೂ ಕೇಳುತ್ತಿದ್ದ, "ಮುಂಜಾಲೆ ಏನ್ ಉಂಡ್ರಿ?" ಉತ್ತರ ಬರುವಷ್ಟರಲ್ಲಿ ಮೀಟರಿನ ಮುಳ್ಳು ನೋಡಿ ಗುಂಡಿ ತಿರುಗಿಸುತ್ತಿದ್ದ. ಹಾಗಾಗಿ ಪ್ರತಿ ಫೈಲಿನ ತಲೆಯಲ್ಲಿ ಅವನ ಆ ಒಂದು ಪ್ರಶ್ನೆ ಇರಬೇಕು ಎಂಬುದು ನನ್ನ ಲೆಕ್ಕ.

ಒಂದರಲ್ಲೂ ಇರಲಿಲ್ಲ. ಆ ಪ್ರಶ್ನೆಯನ್ನು ಅವನು ಬೇರೆ ಟ್ರ್ಯಾಕಿನಲ್ಲಿ ಹಿಡಿದು ಅಲ್ಲೇ ಅಳಿಸಿಬಿಡುತ್ತಿದ್ದ. ಫೈಲುಗಳ ತಲೆ ಬಾಲ ಎರಡನ್ನೂ ಎಷ್ಟು ಚೊಕ್ಕಟವಾಗಿ ಕತ್ತರಿಸಿದ್ದನೆಂದರೆ, ಹಾಡು ಹಾಡಿನಿಂದ ಶುರುವಾಗಿ ಹಾಡಿನಲ್ಲೇ ಮುಗಿಯುತ್ತಿತ್ತು. ಅವನು ಅಲ್ಲಿದ್ದ ಎನ್ನುವುದಕ್ಕೆ ಒಂದು ಕೆಮ್ಮೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಫೈಲಿನ ಮೇಲೆ ಫೈಲು ತೆರೆಯುತ್ತಾ ನನಗೆ ಅವನ ಮೇಲೆ ಸಿಟ್ಟು ಬರತೊಡಗಿತು. ಇಷ್ಟು ಒಳ್ಳೆಯ ಕೆಲಸಗಾರ ಆಗಬೇಕಿತ್ತೇನೋ ನೀನು, ಅನ್ನಿಸಿತು.

ಎಡಿಟ್ ಮಾಡದ ಮೂಲ ಫೈಲುಗಳಿರುವ ಡಿಸ್ಕು ಚಿಕ್ಕದು, ವಾರಕ್ಕೊಮ್ಮೆ ಖಾಲಿ ಮಾಡದಿದ್ದರೆ ಕೆಲಸ ನಿಲ್ಲುತ್ತಿತ್ತು. ಅಲ್ಲೂ ಏನೂ ಇಲ್ಲ. ಕೊನೆಗೆ ಅಪಘಾತದ ದಿನ ಅವನ ಬ್ಯಾಗಿನಲ್ಲಿದ್ದ ರೆಕಾರ್ಡರು. ಪೊಲೀಸರು ಮನೆಯವರಿಗೆ ಕೊಟ್ಟಿದ್ದರು, ಮನೆಯವರು ನನಗೆ ತಲುಪಿಸಿದ್ದರು. ಹೊರಗೆ ಒಂದು ಗೀರು, ಅಷ್ಟೇ. ಅಳಿಸಿದ ಕಾರ್ಡಿನಿಂದಲೂ ಹಳೆಯದನ್ನು ತೆಗೆಯಬಹುದು ಎಂದು ಗೊತ್ತಿತ್ತು. ನನ್ನ ಹಳೆಯ ಸ್ಟೇಷನ್ನೊಂದರ ಎಂಜಿನಿಯರಿಗೆ ಫೋನ್ ಮಾಡಿ ಯಾವ ಸಾಫ್ಟ್‌ವೇರು ಒಳ್ಳೆಯದು ಎಂದು ಕೇಳಿದೆ. ಹೇಳಿದರು. ಮಾತಿಗೆ ಮಾತು ಬಂದು, ನನ್ನ ಬೆಳಗಿನ ಕಾರ್ಯಕ್ರಮಗಳೇನಾದರೂ ಅಲ್ಲಿ ಉಳಿದಿವೆಯೇ ಎಂದೂ ಕೇಳಿದೆ.

"ಎಲ್ಲಿ ಮೇಡಂ, ಹೊಸ ಸಿಸ್ಟಂ ಹಾಕಿದಾಗ ಹಳೇದೆಲ್ಲಾ ತೆಗೆದ್ವಿ. ನಿಮ್ಮ ಹತ್ರ ಕಾಪಿ ಇಲ್ವಾ?" ಅಂದರು.

ಇರಲಿಲ್ಲ. ಒಂದು ಕಾಲಕ್ಕೆ ಹುಬ್ಬಳ್ಳಿಯ ಆಟೋಗಳಲ್ಲಿ, ಮೈಸೂರಿನ ಅಡುಗೆಮನೆಗಳಲ್ಲಿ ಬೆಳಗಾಯಿತೆಂದರೆ ನನ್ನ ದನಿ. ಅದರಲ್ಲಿ ಒಂದು ವಾಕ್ಯವೂ ಈಗ ಎಲ್ಲೂ ಇಲ್ಲ. ಅದುವರೆಗೆ ಅದರ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಸೊರಬದ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯವನೊಬ್ಬ ಇಂಥ ಕೆಲಸದಲ್ಲಿ ನಿಪುಣ ಎಂದು ಕೇಳಿ ಕಾರ್ಡನ್ನು ಅಲ್ಲಿಗೆ ಒಯ್ದೆ. ಅವನು ಮಧ್ಯಾಹ್ನವೆಲ್ಲ ಕೂತು ಚೂರುಪಾರು ಹೊರತೆಗೆದ. ಒಂದು ಕೋಳಿ ಕೂಗು. ಯಾವುದೋ ಬಸ್ಸಿನ ಹಾರ್ನು. ಒಬ್ಬ ಹೆಂಗಸು ನಗುತ್ತಾ, "ರೊಟ್ಟಿ ಬದನೆಕಾಯಿ ಪಲ್ಯ ಉಂಡೀನ್ರಿ" ಅನ್ನುವುದು. ಅವನು ಕೇಳಿದ್ದಕ್ಕೆ ಕೊಟ್ಟ ಉತ್ತರ ಅದು. ಕೇಳಿದ ದನಿ ಮಾತ್ರ ಅದಕ್ಕಿಂತ ಒಂದು ಚೂರು ಹಿಂದೆ, ಅಳಿದುಹೋದ ಜಾಗದಲ್ಲಿ.

"ಇಷ್ಟೇ ಮೇಡಂ ಬರೋದು. ಯಾರಾದ್ರೂ ದೊಡ್ಡ ಮನುಷ್ಯರ ಭಾಷಣ ಇತ್ತೇನು?" ಎಂದು ಅಂಗಡಿಯವನು ಕೇಳಿದ.

ಇಲ್ಲ ಎಂದು ಹೇಳಿ ಎದ್ದು ಬಂದೆ. ಸಿಗಲಿಲ್ಲ ಎಂದು ಅವಳಿಗೆ ಹೇಗೆ ತಿಳಿಸುವುದು ಎಂದು ಬಸ್ಸಿನಲ್ಲಿ ಕೂತು ವಾಕ್ಯ ಕಟ್ಟುತ್ತಾ ಬಂದೆ. ವಾಕ್ಯ ಕಟ್ಟುವುದೇ ನನ್ನ ಕಸುಬು, ಆದರೂ ಶಿಕಾರಿಪುರ ಬಂದರೂ ಆಗಲಿಲ್ಲ.

ಅದೇ ವಾರದ ಒಂದು ಸಂಜೆ. ನೇರ ಪ್ರಸಾರದಲ್ಲಿದ್ದೆ. ಈಸೂರಿನ ಅಜ್ಜಿಯೊಬ್ಬರು ಹಾಡಿದ ಬೀಸುವ ಪದ ಹಾಕಿ ಹೆಡ್‌ಫೋನ್ ಕಿವಿಯಲ್ಲೇ ಇಟ್ಟುಕೊಂಡು ಕೂತೆ. ನಾವು ಮತ್ತೆ ಮತ್ತೆ ಹಾಕುವ ಹಾಡು ಅದು, ಕೇಳುಗರಿಗೂ ಮೆಚ್ಚು. ನಡುವೆ ಒಂದು ಕಡೆ ನನ್ನ ಕಿವಿ ಎಡವಿತು. ಅಜ್ಜಿ ಪ್ರತಿ ನುಡಿಯ ಕೊನೆಗೆ ಸುಂಯ್ ಎಂದು ಉಸಿರೆಳೆದುಕೊಂಡು ಮುಂದಿನ ನುಡಿ ಎತ್ತುತ್ತಾರೆ. ಆ ಒಂದು ಜಾಗದಲ್ಲಿ ಉಸಿರಿಲ್ಲ. ನುಡಿ ಮುಗಿದಿದ್ದೇ ಮುಂದಿನದು ಹಿಡಿದುಕೊಂಡಿದೆ. ಎಪ್ಪತ್ತು ದಾಟಿದ ಹೆಂಗಸು ಉಸಿರು ತೆಗೆದುಕೊಳ್ಳದೆ ಹಾಡುವುದು ಸಾಧ್ಯವಿಲ್ಲ. ಅಲ್ಲಿ ಅವನು ಏನನ್ನೋ ಕತ್ತರಿಸಿ ತೆಗೆದು ಎರಡು ತುದಿ ಕೂಡಿಸಿದ್ದಾನೆ, ಆ ಏನೋ ಒಂದರ ಜೊತೆಗೆ ಉಸಿರೂ ಹೋಗಿದೆ.

ಅಷ್ಟು ದಿನ ನಾನು ಹುಡುಕಿದ್ದೆಲ್ಲ ತಲೆ ಬಾಲದಲ್ಲಿ. ಹೊಟ್ಟೆಯಲ್ಲಿ ಹುಡುಕಿರಲಿಲ್ಲ. ಏನು ಕತ್ತರಿಸಿದನೋ, ನಾಯಿ ಬೊಗಳಿದ್ದೋ, ಯಾರೋ ಬಾಗಿಲು ತಟ್ಟಿದ್ದೋ. ಕೇಳಿದರೆ ಅಜ್ಜಿಗೆ ನೆನಪಿರಬಹುದು ಅನ್ನಿಸಿತು. ಕುಬಟೂರಿಗೆ ಫೋನ್ ಮಾಡುವುದನ್ನು ಮುಂದೆ ಹಾಕಿ ಬೆಳಗಿನ ಬಸ್ಸಿಗೆ ಈಸೂರಿಗೆ ಹೊರಟೆ. ಹಾಡಿದವರಿಗೆ ಅವರ ಹಾಡಿನ ಒಂದು ಪ್ರತಿ ಕೊಡುವುದು ನಮ್ಮ ಪದ್ಧತಿಯೇನೋ ಹೌದು. ಆದರೆ ಕೊಡುವುದು ಎಡಿಟ್ ಆದ ಮೇಲೆ, ಹಾಗಾಗಿ ಹೆಚ್ಚು ಆಸೆ ಇಟ್ಟುಕೊಳ್ಳಲಿಲ್ಲ.

ಅಜ್ಜಿ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನ ಕೈಲಿದ್ದ ಬ್ಯಾಗು ನೋಡಿದ ಕೂಡಲೇ, "ಬ್ರಿಟಿಷರ ಕಾಲದ ದಂಗೆ ಕಥಿ ಕೇಳಾಕ ಬಂದೀಯೇನವ್ವ? ನಾ ಆವಾಗ ಹುಟ್ಟಿರ್ಲಿಲ್ಲ. ಮುಂದಿನ ಮನಿಗೆ ಹೋಗು" ಅಂದರು. ರೇಡಿಯೋದವಳು ಅಂದಾಗ ಮುಖ ಅರಳಿತು.

"ಏನವ್ವ, ಮಾತಾಡಾಕಿ ನೀನೇ ಏನು? ಕುಂತ್ಕ. ಆ ಮೈಕಿನ ಹುಡುಗ ಎಲ್ಲಿ? ಅವನ್ನ ಕರ್ಕಂಬರ್ಲಿಲ್ಲೇನು?"

ರೇಡಿಯೋದಲ್ಲಿ ಸುಮ್ಮನಿರುವುದು ತಪ್ಪು. ಹಾಡು ನಿಂತರೆ, ಲೈನು ಕಟ್ಟಾದರೆ, ಎದುರಿಗಿದ್ದವರು ಅತ್ತರೆ, ಏನಾದರೂ ಒಂದು ಹೇಳಿ ಖಾಲಿ ತುಂಬಿಸಬೇಕು. ಅದನ್ನು ಮಾಡಿಯೇ ಇಷ್ಟು ವರ್ಷ ಹೊಟ್ಟೆ ಹೊರೆದವಳು ನಾನು. ಆ ಜಗಲಿಯ ಮೇಲೆ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಹೇಗೋ ಹೇಳಿದೆ.

ಅವರ ಕೈ ಹುಣಸೆಹಣ್ಣಿನ ಮೇಲೆ ನಿಂತಿತು. "ಸಣ್ಣ ಮಗಳು ಐತಿ ಅಂದಿದ್ನಲ್ಲೇ" ಅಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಬಂದ ಕಾರಣ ತಿಳಿಸಿ, ಹಾಡಿನ ನಡುವೆ ಅವತ್ತು ಏನಾಯಿತು ಎಂದು ಕೇಳಿದೆ. ಅಜ್ಜಿ ಒಳಗೆ ಹೋಗಿ, ಸಂತೆಯಲ್ಲಿ ಸಿಗುತ್ತದಲ್ಲ, ಕಾರ್ಡ್ ಹಾಕಿದರೆ ಹಾಡುವ ಪುಟ್ಟ ಸ್ಪೀಕರು, ಅದನ್ನು ತಂದು ನನ್ನ ಮುಂದೆ ಇಟ್ಟರು.

"ಇದನ್ನೆಲ್ಲಾ ಸರಿ ಮಾಡಿ ಆಮ್ಯಾಲೆ ತಂದುಕೊಡ್ತೀನವ್ವ ಅಂದ. ಆಮ್ಯಾಲೆ ಅಂದೋರು ಯಾರು ತಿರುಗಿ ಬಂದಾರ? ನಂಗೀಗ್ಲೇ ಹಾಕಿ ಕೊಡು ಅಂತ ಅವನ ಬ್ಯಾಗು ಹಿಡ್ಕಂಡೆ. ನಕ್ಕಂಡು ಇಲ್ಲೇ ಕುಂತು, ಅದೇನೋ ಪೆಟ್ಟಿಗೆ ತಗದು, ಹಾಕಿ ಕೊಟ್ಟ."

ಎಡಿಟ್ ಮಾಡದ್ದು.

ಅಜ್ಜಿ ಗುಂಡಿ ಒತ್ತಿದರು. ಹಾಡು ಶುರುವಾಯಿತು. ಒಂದು ನುಡಿ, ಉಸಿರು. ಎರಡನೆಯದು, ಉಸಿರು. ಮೂರನೆಯ ನುಡಿ ಮುಗಿಯುತ್ತಿದ್ದಂತೆ ಅಜ್ಜಿಯ ದನಿ ರಾಗದಿಂದ ಹಾಗೇ ಮಾತಿಗೆ ಇಳಿಯಿತು, "ಮಾರಿ ಯಾಕ ಬಾಡೇತಿ? ನೀ ಉಂಡ್ಯೇನೋ ಇಲ್ಲೋ?"

ಮೈಕಿನ ಹಿಂದಿನಿಂದ, ದೂರದ ದನಿ. "ಹೂಂ ಅವ್ವ," ಒಂದು ಚಣ ತಡೆದು, "ಉಂಡೀನಿ. ನೀವು ಹಾಡ್ರಿ."

ಸುಂಯ್ ಎಂದು ಉಸಿರು. ಮುಂದಿನ ನುಡಿ.

ಅವನೇ. ಮಾತಿನ ನಡುವೆ ತಡೆಯುವ ಆ ರೀತಿಯೂ ಅವನದೇ. ಯಾವಾಗಲೂ ಹಾಗೆ, ಅರ್ಧ ಹೇಳಿ, ಉಳಿದರ್ಧ ಹೇಳಲೋ ಬೇಡವೋ ಎಂದು ನೋಡುತ್ತಿದ್ದ. ಜನರ ಮುಂದೆ ನಾನು ಅಳುವವಳಲ್ಲ. ಅವತ್ತು ಅತ್ತೆ.

"ಅವ ಕೇಳೋದು, ನಾ ಹೇಳೋದು, ಅದೇ ಆತು. ಅವನ್ನ ಕೇಳೋರು ಬ್ಯಾಡೇನು? ಅದ್ಕ ಕೇಳಿದೆ" ಎಂದು ಅಜ್ಜಿ ಸ್ಪೀಕರಿನಿಂದ ಕಾರ್ಡನ್ನು ಕಿತ್ತು ನನ್ನ ಅಂಗೈಲಿಟ್ಟರು. "ಆ ಕೂಸಿನ ಮನಿಗೆ ಕೊಡು."

ಸ್ಟೇಷನ್ನಿನಲ್ಲಿ ಪ್ರತಿ ಮಾಡಿಕೊಂಡು ಅವರ ಕಾರ್ಡನ್ನು ಹಿಂದಿರುಗಿಸಿದೆ. ಅಂಥದೇ ಒಂದು ಸ್ಪೀಕರು ಕೊಂಡು, ಹೊಸ ಕಾರ್ಡಿಗೆ ಹಾಕಿಕೊಂಡು ಕುಬಟೂರಿಗೆ ಹೋದೆ. ದಾರಿಯುದ್ದಕ್ಕೂ ಒಂದು ಅಳುಕು ಇತ್ತು. ಇಷ್ಟು ದಿನ ಕಾಯಿಸಿ ಒಯ್ಯುತ್ತಿರುವುದು ಮೂರು ನಾಲ್ಕು ಮಾತು, ಅದೂ ಬೇರೆಯವರ ಹಾಡಿನ ನಡುವೆ, ಮೈಕಿನಿಂದ ದೂರ.

ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು. ಈಸೂರಿನ ಅಜ್ಜಿಯ ಹಾಡು ಇದು, ನಡುವೆ ಅವನಿದ್ದಾನೆ ಎಂದಷ್ಟೇ ಹೇಳಿದ್ದೆ. ಮೂರನೆಯ ನುಡಿ ಮುಗಿಯಿತು. ಅಜ್ಜಿ ಕೇಳಿದರು. ಅವನು ಹೇಳಿದ. ಅವಳು ಕಣ್ಣು ಮುಚ್ಚಿಕೊಂಡಳು. ಹಾಡು ಪೂರ್ತಿ ಮುಗಿಯುವ ತನಕ ತೆರೆಯಲಿಲ್ಲ.

"ಸುಳ್ಳು" ಅಂದಳು.

ಯಾವುದು ಎಂದು ಕೇಳಿದೆ.

"ಉಂಡಿರ್ಲಿಲ್ಲ ಅಕ್ಕಾ ಅವ್ರು. ಈಸೂರಿಗೆ ಹೋಗಿದ್ದು ಸೋಮವಾರ. ಸೋಮವಾರ ಅವರದು ಒಪ್ಪತ್ತು. ಅವತ್ತು ಬಂದು, ಯಾರೋ ಅಜ್ಜಿ ಉಂಡ್ಯಾ ಅಂತ ಕೇಳ್ತು, ಇಲ್ಲ ಅಂದ್ರೆ ಹಾಡೋದು ಬಿಟ್ಟು ಎದ್ದು ರೊಟ್ಟಿ ಬಡೀತಿತ್ತು ಅಂದ್ರು. ಅದಕ್ಕೆ ಉಂಡೀನಿ ಅಂತ ಸುಳ್ಳು ಹೇಳ್ಬಂದೆ ಅನ್ನೋ ಉಳಿದರ್ಧ ಮಾತ್ರ ನಂಗೆ ಹೇಳಿರ್ಲಿಲ್ಲ, ನೋಡಿ." ಅವಳ ಮುಖದ ಮೇಲೆ ನಗುವಿನಂಥದ್ದು ಏನೋ ಬಂತು. ಆಮೇಲೆ ಮಗುವಿನ ತಲೆಯ ಮೇಲೆ ಗಲ್ಲವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮಗು ಸ್ಪೀಕರಿನ ದೀಪವನ್ನು ಹಿಡಿಯಲು ನೋಡುತ್ತಿತ್ತು.

ಅವಳು ಸುಧಾರಿಸಿಕೊಂಡ ಮೇಲೆ ನಾನು ಕಸುಬಿನ ಮಾತಾಡಿದೆ. ಬೇಕಾದರೆ ಅವನ ಮಾತನ್ನಷ್ಟೇ ಬೇರೆ ಮಾಡಿ, ದನಿ ದೊಡ್ಡದು ಮಾಡಿ, ಹಿಂದಿನ ಗದ್ದಲ ತೆಗೆದು ಕೊಡುತ್ತೇನೆ ಅಂದೆ. ಅದು ದೊಡ್ಡ ಕೆಲಸವೇನಲ್ಲ.

"ಬ್ಯಾಡ ಅಕ್ಕಾ, ಕತ್ತರಿಸ್ಬ್ಯಾಡಿ" ಅಂದಳು. "ಅಜ್ಜಿ ಕೇಳಿದ್ದಕ್ಕೆ ತಾನೇ ಮಾತಾಡಿದ್ದು? ಯಾರೂ ಕೇಳದೆ ಅವರು ಮಾತಾಡೋರೇ ಅಲ್ಲ. ಇದ್ದ ಹಂಗೇ ಇರ್ಲಿ."

ಹಿಂದಿರುಗಿದ ಮೇಲೆ ಭಂಡಾರದಲ್ಲಿದ್ದ ಚೊಕ್ಕಟ ಫೈಲನ್ನು ತೆಗೆದು ಅಜ್ಜಿಯ ಕಾರ್ಡಿನದನ್ನು ಹಾಕಿದೆ. ಈಗ ಪ್ರಸಾರವಾಗುವುದು ಅದೇ. ಕೇಳುಗರೊಬ್ಬರು ಫೋನ್ ಮಾಡಿ, ನಡುವೆ ಯಾರೋ ಮಾತಾಡಿದ್ದು ಹಾಗೇ ಬಂದುಬಿಟ್ಟಿದೆ, ನೋಡ್ಕಳ್ರಿ ಎಂದು ತಿಳಿಹೇಳಿದರು. ಆಯ್ತು ರೀ ಅಂದೆ. ಹೊಸ ಟೆಕ್ನಿಷಿಯನ್ ಬಂದಿದ್ದಾಳೆ, ಚುರುಕು. ಆ ಹಾಡಿಗೆ ಕೈ ಹಚ್ಚಬೇಡ ಎಂದು ಮಾತ್ರ ಹೇಳಿಟ್ಟಿದ್ದೇನೆ.

ಮೊನ್ನೆ ಕುಬಟೂರಿನಿಂದ ಫೋನ್ ಬಂತು. ಮಗಳಿಗೆ ಮಾತು ಬಂದಿದೆಯಂತೆ.

"ಅಕ್ಕಾ, ಇದರ ಕಥೆ ಕೇಳಿ. ತುತ್ತು ಹಿಡ್ಕಂಡು ಹಿಂದೆ ಓಡಿ ಓಡಿ ಸಾಕಾಗ್ತದೆ. ಉಂಡ್ಯೇನೇ ಅಂದ್ರೆ ಏನಂತದೆ ಗೊತ್ತಾ? ತಡೀರಿ, ಅದರ ಬಾಯಲ್ಲೇ ಕೇಳಿ."

ಫೋನು ಬಟ್ಟೆಗೆ ಉಜ್ಜಿದ ಸದ್ದು. ಪಾತ್ರೆಯ ಸದ್ದು. ದೂರದಿಂದ ಅವಳು ಕೇಳಿದಳು, "ಉಂಡ್ಯೇನೇ?"

"ಹೂಂ ಅವ್ವ," ಒಂದು ಚಣ ತಡೆದು, "ಉಂಡೀನಿ. ನೀವು ಹಾಡ್ರಿ."

ಫೋನು ಮತ್ತೆ ತಾಯಿಯ ಕೈಗೆ ಬಂತು.

"ಒಂದು ಅಗುಳೂ ಮುಟ್ಟಿಲ್ಲ ಅಕ್ಕಾ, ಅಪ್ಪನ ಹಂಗೇ ಸುಳ್ಳು" ಅಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಇಷ್ಟು ವರ್ಷ ದನಿಗಳ ನಡುವೆಯೇ ಬದುಕಿದ ನನಗೆ ಗೊತ್ತಾಗಲಿಲ್ಲ.